ಪ್ರವೇಶ ಪರೀಕ್ಷೆಗೆ ಓದುವುದು ಹೇಗೆ? ಅನಿಲಗಳ ಪಾಠವೊಂದರ ಅನುಭವ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ಪಿ.ಯು.ಸಿ. ವಿಜ್ಞಾನ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಯೊಬ್ಬಳು ಭೌತಶಾಸ್ತ್ರದ ಬಗ್ಗೆ ಮಾತನಾಡಲು ನಿಂತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ಭೌತಶಾಸ್ತ್ರದ ಪಂಡಿತೆಯಲ್ಲ. ಆ ವಿಷಯದಲ್ಲಿ ಸೋತವಳು. ಹೇಗೆ ಸೋತೆ ಎಂಬುದನ್ನು ಹದಿನೆಂಟು ವರ್ಷಗಳ ನಂತರ ಒಬ್ಬ ಹುಡುಗಿಯ ಜೊತೆ ಕುಳಿತು ಕಂಡುಕೊಂಡೆ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ. ನೀಟ್, ಸಿ.ಇ.ಟಿ., ಜೆ.ಇ.ಇ. ಯಾವುದೇ ಪರೀಕ್ಷೆ ಬರೆಯುವವರಿಗೂ ಇದರಿಂದ ಸ್ವಲ್ಪ ಉಪಯೋಗವಾದರೆ ನನ್ನ ಮಾತು ಸಾರ್ಥಕ.

ನಾನು ಹತ್ತನೇ ತರಗತಿಯವರೆಗೆ ಓದಿದ್ದು ಉರ್ದು ಮಾಧ್ಯಮದಲ್ಲಿ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡಾಗ ಪಾಠಗಳೆಲ್ಲ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದವು. ನಿನ್ನೆಯವರೆಗೆ 'ದಬಾವ್' ಆಗಿದ್ದದ್ದು 'ಪ್ರೆಶರ್' ಆಯಿತು, 'ರಫ್ತಾರ್' ಹೋಗಿ 'ವೆಲಾಸಿಟಿ' ಬಂತು. ಎರಡೂ ಒಂದೇ ಎಂದು ಹೇಳುವವರು ಇರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಸುಲಭದ ದಾರಿ ಹಿಡಿದೆ: ಎಲ್ಲವನ್ನೂ ಬಾಯಿಪಾಠ ಮಾಡಿದೆ.

2007ರಲ್ಲಿ ಸಿ.ಇ.ಟಿ.ಗೆ ಮೊದಲು ನಡೆದ ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಇತ್ತು. ಒಂದು ಅನಿಲ 27 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಅದರ ಅಣುಗಳ ಆರ್.ಎಂ.ಎಸ್. ವೇಗ ಎರಡು ಪಟ್ಟು ಆಗಬೇಕಾದರೆ ಉಷ್ಣತೆ ಎಷ್ಟಾಗಬೇಕು? ವೇಗ ಎರಡು ಪಟ್ಟಾಗಲು ಉಷ್ಣತೆ ನಾಲ್ಕು ಪಟ್ಟಾಗಬೇಕು ಎಂದು ಸೂತ್ರದಿಂದ ಗೊತ್ತಿತ್ತು. ಇಪ್ಪತ್ತೇಳು ನಾಲ್ಕಲ ನೂರಾ ಎಂಟು. 108 ಡಿಗ್ರಿ ಎಂಬ ಆಯ್ಕೆಯೂ ಅಲ್ಲಿತ್ತು. ಸಂತೋಷದಿಂದ ಗುರುತು ಹಾಕಿದೆ. ಉತ್ತರ ಪತ್ರಿಕೆ ಹಿಂತಿರುಗಿಸುವಾಗ ಆ 108ನ್ನು ಗಟ್ಟಿಯಾಗಿ ಓದಿ ಹೇಳಲಾಯಿತು, ತರಗತಿ ನಕ್ಕಿತು. ಏಕೆ ತಪ್ಪು ಎಂದು ನಾನು ಕೇಳಲಿಲ್ಲ. ಸಿ.ಇ.ಟಿ.ಯಲ್ಲಿ ನನ್ನ ರ‍್ಯಾಂಕ್ ಎಲ್ಲಿಗೂ ಸಾಲಲಿಲ್ಲ. ಇನ್ನೊಂದು ವರ್ಷ ಓದಿ ಬರೆಯುತ್ತೇನೆ ಎಂದಾಗ ಮನೆಯಲ್ಲಿ ಒಪ್ಪಲಿಲ್ಲ. ಬಿ.ಎ. ಮಾಡಿದೆ, ಬಿ.ಇಡಿ. ಮಾಡಿದೆ, ಶಿಕ್ಷಕಿಯಾದೆ. ಈ ವೃತ್ತಿಯ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಆದರೆ ಆ 108 ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಈಗ ಎರಡನೆಯ ಭಾಗ. ನನ್ನ ಅಣ್ಣನ ಮಗಳು 2025ರಲ್ಲಿ ನೀಟ್ ಬರೆದಳು. ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದವು, ಭೌತಶಾಸ್ತ್ರ ಕೈಕೊಟ್ಟಿತು. ಸೀಟು ಸಿಗಲಿಲ್ಲ. ಇನ್ನೊಮ್ಮೆ ಬರೆಯುತ್ತೇನೆ ಎಂದಳು. ಬಾಡಿಗೆ ಕಾರು ಓಡಿಸುವ ನನ್ನ ಅಣ್ಣ ಒಳ್ಳೆಯವರೇ, ಆದರೆ ಅವರಿಗೂ ಅವರದೇ ಚಿಂತೆ. "ಒಮ್ಮೆ ಬರದದ್ದು ಇನ್ನೊಮ್ಮೆ ಹೇಗೆ ಬರುತ್ತದೆ? ಸುಮ್ಮನೆ ಒಂದು ವರ್ಷ ಹೋಗುತ್ತದೆ" ಎಂದರು. ಆ ಮಾತನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ. "ಒಂದು ತಿಂಗಳು ಅವಳನ್ನು ನನ್ನ ಮನೆಗೆ ಕಳಿಸಿ, ಆಮೇಲೆ ತೀರ್ಮಾನ ಮಾಡಿ" ಎಂದು ಕೇಳಿಕೊಂಡೆ.

ಮೊದಲ ದಿನವೇ ಅವಳು ಪುಸ್ತಕ ತೆರೆದಿಟ್ಟು, "ಸಮಜ್ ಮೆ ನೈ ಆರಾ ಫುಪ್ಪು" ಎಂದಳು. ಅರ್ಥವೇ ಆಗುತ್ತಿಲ್ಲ ಎಂದು. ನೋಡಿದರೆ ಅನಿಲಗಳ ಚಲನ ಸಿದ್ಧಾಂತ, ಅಂದರೆ ಕೈನೆಟಿಕ್ ಥಿಯರಿ ಆಫ್ ಗ್ಯಾಸಸ್. ಅವಳ ನೋಟ್ಸಿನಲ್ಲಿ ಆ ಒಂದು ಪಾಠಕ್ಕೆ 26 ಸೂತ್ರಗಳಿದ್ದವು, ಪ್ರತಿಯೊಂದರ ಸುತ್ತ ಕೆಂಪು ಚೌಕ. ನಾನು ಸುಮ್ಮನೆ ನನ್ನ ಹಳೆಯ ಪ್ರಶ್ನೆಯನ್ನು ಕೇಳಿದೆ: 27 ಡಿಗ್ರಿ, ವೇಗ ಎರಡು ಪಟ್ಟು, ಉಷ್ಣತೆ ಎಷ್ಟು? ಅವಳು ಅರ್ಧ ನಿಮಿಷದಲ್ಲಿ ಉತ್ತರ ಹೇಳಿದಳು. 108.

ನನಗೆ ನಗು ಬರಲಿಲ್ಲ. ಆ ದಿನ ನೋಟ್ಸನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎನ್.ಸಿ.ಇ.ಆರ್.ಟಿ. ಪುಸ್ತಕವೊಂದನ್ನೇ ಮುಂದಿಟ್ಟುಕೊಂಡು, ಅರ್ಥವಾಗದ ಸಾಲನ್ನು ಬಿಡದೆ, ಅವಳೂ ನಾನೂ ಓದತೊಡಗಿದೆವು. ಒಂದು ನಿಯಮ ಮಾಡಿಕೊಂಡೆವು: ಯಾವ ಮಾತನ್ನು ಮನೆಮಾತಿನಲ್ಲಿ ಹೇಳಲು ಬರುವುದಿಲ್ಲವೋ ಅದರ ಸೂತ್ರ ಬರೆಯುವಂತಿಲ್ಲ.

ಮೊದಲು ಚಿತ್ರ ಕಟ್ಟಿಕೊಂಡೆವು. ಕೇರಂ ಬೋರ್ಡನ್ನು ನೆನಪಿಸಿಕೊಳ್ಳಿ. ಕಾಯಿಗಳು ಓಡುತ್ತವೆ, ಒಂದಕ್ಕೊಂದು ಬಡಿಯುತ್ತವೆ, ಅಂಚಿಗೆ ಬಡಿದು ಹಿಂತಿರುಗುತ್ತವೆ. ಕೇರಂ ಕಾಯಿ ಕೊನೆಗೆ ನಿಲ್ಲುತ್ತದೆ, ಏಕೆಂದರೆ ಹಲಗೆಯ ಘರ್ಷಣೆ ಅದನ್ನು ತಡೆಯುತ್ತದೆ. ಅನಿಲದ ಅಣು ನಿಲ್ಲುವುದಿಲ್ಲ. ಅಣುಗಳ ಗಾತ್ರ ಅವು ಓಡಾಡುವ ಜಾಗಕ್ಕೆ ಹೋಲಿಸಿದರೆ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು, ಬಡಿದುಕೊಳ್ಳುವ ಕ್ಷಣ ಬಿಟ್ಟರೆ ಒಂದನ್ನೊಂದು ಎಳೆಯುವುದಿಲ್ಲ ತಳ್ಳುವುದಿಲ್ಲ, ಬಡಿತದಲ್ಲಿ ಒಟ್ಟು ಚಲನಶಕ್ತಿ ನಷ್ಟವಾಗುವುದಿಲ್ಲ, ಎಲ್ಲ ದಿಕ್ಕಿಗೂ ಸಮನಾಗಿ ಓಡುತ್ತವೆ. ಪುಸ್ತಕದಲ್ಲಿ ಆದರ್ಶ ಅನಿಲದ ಊಹೆಗಳು ಎಂದು ಕೊಟ್ಟಿರುವುದು ಇಷ್ಟೇ. ಈ ಚಿತ್ರ ಇಂದಿನದಲ್ಲ. ಡೇನಿಯಲ್ ಬರ್ನೌಲಿ ಎಂಬ ವಿಜ್ಞಾನಿ 1738ರಲ್ಲೇ ಗಾಳಿಯ ಒತ್ತಡಕ್ಕೆ ಓಡುವ ಕಣಗಳ ಬಡಿತವೇ ಕಾರಣ ಎಂದು ಬರೆದಿದ್ದರು.

ಇನ್ನು ಲೆಕ್ಕ. ಒಂದು ಚೌಕ ಡಬ್ಬದೊಳಗೆ ಒಂದೇ ಒಂದು ಅಣು ಇದೆ ಎನ್ನೋಣ. ಅದು ನೇರವಾಗಿ ಹೋಗಿ ಗೋಡೆಗೆ ಬಡಿದು ಅದೇ ವೇಗದಲ್ಲಿ ಹಿಂತಿರುಗುತ್ತದೆ. ಹೋಗುವಾಗಿನ ಸಂವೇಗ ದ್ರವ್ಯರಾಶಿ ಗುಣಿಸು ವೇಗ. ಬರುವಾಗ ಅಷ್ಟೇ, ಆದರೆ ಎದುರು ದಿಕ್ಕಿಗೆ. ಹಾಗಾಗಿ ಬದಲಾವಣೆ ಅದರ ಎರಡರಷ್ಟು. ಮತ್ತೆ ಅದೇ ಗೋಡೆಗೆ ಬರಬೇಕಾದರೆ ಡಬ್ಬದ ಉದ್ದದ ಎರಡರಷ್ಟು ದೂರ ಓಡಬೇಕು. ವೇಗ ಹೆಚ್ಚಾದಷ್ಟೂ ಬೇಗ ಬರುತ್ತದೆ. ಸಂವೇಗದ ಬದಲಾವಣೆಯನ್ನು ಸಮಯದಿಂದ ಭಾಗಿಸಿದರೆ ಬಲ, ಬಲವನ್ನು ಗೋಡೆಯ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಕಾಗದದ ಮೇಲೆ ಬರೆದು ನೋಡಿ. ಒತ್ತಡ ಎಂದರೆ ದ್ರವ್ಯರಾಶಿ ಗುಣಿಸು ವೇಗದ ವರ್ಗ, ಭಾಗಿಸು ಡಬ್ಬದ ಗಾತ್ರ ಎಂದು ಬರುತ್ತದೆ. ನಾಲ್ಕು ಸಾಲಿನ ಲೆಕ್ಕ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವೇಗದ 'ವರ್ಗ' ಏಕೆ ಬಂತು? ನಮ್ಮ ಹುಡುಗಿ ಇದನ್ನು ಒಂದು ಸಂಜೆಯೆಲ್ಲ ಯೋಚಿಸಿ ತಾನೇ ಹೇಳಿದಳು. ಅಣು ಎರಡು ಪಟ್ಟು ವೇಗವಾದರೆ ಪ್ರತಿ ಏಟೂ ಎರಡು ಪಟ್ಟು ಜೋರು, ಜೊತೆಗೆ ಏಟುಗಳ ಸಂಖ್ಯೆಯೂ ಎರಡು ಪಟ್ಟು. ಎರಡು ಎರಡಲ ನಾಲ್ಕು. ಆದ್ದರಿಂದ ಒತ್ತಡ ನಾಲ್ಕು ಪಟ್ಟು. ಇದು ತಿಳಿದ ಮೇಲೆ ಆ ವರ್ಗವನ್ನು ಮರೆಯಲು ಸಾಧ್ಯವೇ? ಹಾಗೆಯೇ ಸೂತ್ರದಲ್ಲಿರುವ ಮೂರನೇ ಒಂದು ಭಾಗ. ಅಣುಗಳಿಗೆ ಓಡಲು ಮೂರು ದಿಕ್ಕುಗಳಿವೆ: ಉದ್ದ, ಅಗಲ, ಎತ್ತರ. ಒಂದು ಜೊತೆ ಗೋಡೆಯ ಪಾಲಿಗೆ ಬರುವುದು ಮೂರರಲ್ಲಿ ಒಂದು ಭಾಗ ಮಾತ್ರ. ಒತ್ತಡ ಗುಣಿಸು ಗಾತ್ರ ಎಂದರೆ ಅಣುಗಳ ಸಂಖ್ಯೆ, ದ್ರವ್ಯರಾಶಿ ಮತ್ತು ವೇಗವರ್ಗದ ಸರಾಸರಿ ಇವುಗಳ ಗುಣಲಬ್ಧದ ಮೂರನೇ ಒಂದು ಭಾಗ. ಪಾಠದ ಮೊದಲ ಕಂಬ ಇದು.

ಸರಾಸರಿಯ ವರ್ಗ, ವರ್ಗದ ಸರಾಸರಿ ಎರಡೂ ಒಂದೇ ಅಲ್ಲವೇ ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಎರಡು ಅಣುಗಳ ವೇಗ 3 ಮತ್ತು 5 ಎನ್ನಿ. ಸರಾಸರಿ 4, ಅದರ ವರ್ಗ 16. ಆದರೆ 9 ಮತ್ತು 25ರ ಸರಾಸರಿ 17. ಇನ್ನೊಂದು ಜೋಡಿಯ ವೇಗ 0 ಮತ್ತು 8 ಎನ್ನಿ. ಸರಾಸರಿ ಮತ್ತೆ 4, ಆದರೆ ವರ್ಗಗಳ ಸರಾಸರಿ 32. ಗೋಡೆಗೆ ಬೀಳುವ ಏಟಿಗೆ ಬೇಕಾದದ್ದು ವರ್ಗಗಳ ಸರಾಸರಿ. ಅದರ ವರ್ಗಮೂಲವೇ ಆರ್.ಎಂ.ಎಸ್. ವೇಗ. ಪರೀಕ್ಷೆಯಲ್ಲಿ ಮೂರು ವೇಗಗಳನ್ನು ಕೇಳುತ್ತಾರೆ. ಅತಿ ಹೆಚ್ಚು ಅಣುಗಳಿಗಿರುವ ಸಂಭವನೀಯ ವೇಗ, ಸರಾಸರಿ ವೇಗ, ಆರ್.ಎಂ.ಎಸ್. ವೇಗ. ಇವುಗಳ ಅನುಪಾತ 1.41, 1.60, 1.73. ಆರ್.ಎಂ.ಎಸ್. ಯಾವಾಗಲೂ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ವರ್ಗ ಮಾಡಿದಾಗ ವೇಗದ ಅಣುಗಳಿಗೆ ಹೆಚ್ಚು ತೂಕ ಸಿಗುತ್ತದೆ.

ಎರಡನೆಯ ಕಂಬ ಉಷ್ಣತೆ. ಇಲ್ಲಿ ಭಾಷಾ ಶಿಕ್ಷಕಿಯಾಗಿ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಮನೆಗಳಲ್ಲಿ 'ಗರಮ್' ಎನ್ನುತ್ತೇವೆ, ಕನ್ನಡದಲ್ಲಿ 'ಬಿಸಿ' ಎನ್ನುತ್ತೇವೆ. ಉಷ್ಣಕ್ಕೂ ಅದೇ ಮಾತು, ಉಷ್ಣತೆಗೂ ಅದೇ ಮಾತು. ಭೌತಶಾಸ್ತ್ರಕ್ಕೆ ಅವೆರಡೂ ಬೇರೆ. ಒಂದು ಬಕೆಟ್ ಉಗುರುಬೆಚ್ಚಗಿನ ನೀರು, ಒಂದು ಲೋಟ ಕುದಿಯುವ ಚಹಾ. ಯಾವುದರ ಉಷ್ಣತೆ ಹೆಚ್ಚು? ಚಹಾದ್ದು. ತಣ್ಣಗಾಗುವಾಗ ಹೆಚ್ಚು ಉಷ್ಣ ಕೊಡುವುದು ಯಾವುದು? ಬಕೆಟ್. ಅನಿಲದಲ್ಲಿ ಉಷ್ಣತೆ ಒಂದೊಂದು ಅಣುವಿನ ಸರಾಸರಿ ಓಟದ ಲೆಕ್ಕ ಕೊಡುತ್ತದೆ, ಅಣುಗಳ ಒಟ್ಟು ಮೊತ್ತದ ಲೆಕ್ಕವನ್ನಲ್ಲ. ಮೊದಲ ಕಂಬದ ಫಲಿತಾಂಶವನ್ನು 'ಪಿವಿ ಈಕ್ವಲ್ಸ್ ಎನ್‌ಆರ್‌ಟಿ'ಯ ಪಕ್ಕದಲ್ಲಿಟ್ಟರೆ ಒಂದು ಅಣುವಿನ ಸರಾಸರಿ ಚಲನಶಕ್ತಿ ಎರಡರಲ್ಲಿ ಮೂರು ಭಾಗ ಗುಣಿಸು ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ಉಷ್ಣತೆ ಎಂದು ಬರುತ್ತದೆ. ಅದರಲ್ಲಿ ಒತ್ತಡವಿಲ್ಲ, ಗಾತ್ರವಿಲ್ಲ, ಅನಿಲದ ಹೆಸರೂ ಇಲ್ಲ. ಉಷ್ಣತೆ ಒಂದೇ ಸಾಕು.

ಈಗ 108ಕ್ಕೆ ಬರೋಣ. ಉಷ್ಣತೆ ಎಂಬುದು ಅಣುಗಳ ಓಟದ ಅಳತೆಯಾದರೆ, ಓಟದ ಲೆಕ್ಕ ಎಲ್ಲಿಂದ ಶುರುವಾಗಬೇಕು? ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯಿಂದಲೇ? ಆ ಚಳಿಯಲ್ಲೂ ಗಾಳಿಯ ಅಣುಗಳು ಓಡುತ್ತಲೇ ಇರುತ್ತವೆ. ಈ ಸೂತ್ರದ ಪ್ರಕಾರ ಓಟ ಸೊನ್ನೆಯಾಗುವುದು ಮೈನಸ್ 273 ಡಿಗ್ರಿಯ ಹತ್ತಿರ. ಎಣಿಕೆ ಅಲ್ಲಿಂದ ಶುರುವಾಗಬೇಕು, ಅದೇ ಕೆಲ್ವಿನ್. 27 ಡಿಗ್ರಿ ಎಂದರೆ 300 ಕೆಲ್ವಿನ್. ನಾಲ್ಕು ಪಟ್ಟು ಎಂದರೆ 1200 ಕೆಲ್ವಿನ್. 273 ಕಳೆದರೆ 927 ಡಿಗ್ರಿ ಸೆಲ್ಸಿಯಸ್. 108 ಎಲ್ಲಿ, 927 ಎಲ್ಲಿ! ತಪ್ಪು ಮಾಡುವವರು ಹೇಗೆ ತಪ್ಪು ಮಾಡುತ್ತಾರೆ ಎಂದು ಪ್ರಶ್ನೆ ತೆಗೆಯುವವರಿಗೆ ಚೆನ್ನಾಗಿ ಗೊತ್ತು, ಆ ಉತ್ತರವನ್ನೂ ಆಯ್ಕೆಗಳ ನಡುವೆ ಇಟ್ಟಿರುತ್ತಾರೆ. ನಾನು ಸೂತ್ರದಲ್ಲಿ ತಪ್ಪಿರಲಿಲ್ಲ. ಉಷ್ಣತೆ ಎಂದರೇನು ಎಂಬುದೇ ನನಗೆ ತಿಳಿದಿರಲಿಲ್ಲ.

ಆ ವಾರಾಂತ್ಯ ಅಣ್ಣ ಮಗಳನ್ನು ನೋಡಲು ಬಂದರು. ಅವಳು, "ಅಬ್ಬಾ, ದೂರ ಓಡಿಸಿ ಬಂದ ಕೂಡಲೇ ಟೈರಿನ ಗಾಳಿ ನೋಡಬಾರದು ಅಂತೀರಲ್ಲ, ಏಕೆ?" ಎಂದು ಕೇಳಿದಳು. "ಟೈರ್ ಬಿಸಿಯಾದಾಗ ಗೇಜ್ ಜಾಸ್ತಿ ತೋರಿಸುತ್ತದಮ್ಮ, ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು" ಎಂದರು. "ಎಷ್ಟು ಜಾಸ್ತಿ?" ಅದು ಅವರಿಗೆ ಗೊತ್ತಿರಲಿಲ್ಲ. ಅವಳು ಲೆಕ್ಕ ಹಾಕಿದಳು. ಬೆಳಿಗ್ಗೆ 27 ಡಿಗ್ರಿಯಲ್ಲಿ 30 ಪೌಂಡ್ ಗಾಳಿ. ಗೇಜ್ ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಹೊರಗಿನ ಒತ್ತಡವೇ ಸುಮಾರು 14.7 ಪೌಂಡ್. ಹಾಗಾಗಿ ಒಳಗಿನ ನಿಜವಾದ ಒತ್ತಡ 44.7. ಟೈರಿನ ಗಾಳಿ 57 ಡಿಗ್ರಿಗೆ ಏರಿತು ಎನ್ನೋಣ. 300 ಕೆಲ್ವಿನ್ ಇದ್ದದ್ದು 330 ಆಯಿತು, ನೂರಕ್ಕೆ ಹತ್ತು ಹೆಚ್ಚು. ಟೈರಿನ ಗಾತ್ರ ಬದಲಾಗದಿದ್ದರೆ ಒತ್ತಡವೂ ನೂರಕ್ಕೆ ಹತ್ತು ಹೆಚ್ಚಿ ಸುಮಾರು 49.2. ಹೊರಗಿನದ್ದನ್ನು ಕಳೆದರೆ ಗೇಜಿನಲ್ಲಿ 34.5. "ಸೆಲ್ಸಿಯಸ್‌ನಲ್ಲೇ ಲೆಕ್ಕ ಹಾಕಿದ್ದರೆ 63 ಪೌಂಡ್ ಬರುತ್ತಿತ್ತು ಅಬ್ಬಾ" ಎಂದು ನಕ್ಕಳು. ಅಣ್ಣ ನಗಲಿಲ್ಲ. ಆ ಕಾಗದವನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ಇಪ್ಪತ್ತು ವರ್ಷದಿಂದ ಗಾಳಿ ಹಾಕಿಸುತ್ತಿದ್ದೇನೆ, 34ರ ಹತ್ತಿರವೇ ತೋರಿಸುತ್ತದೆ" ಎಂದರು. ಹೊರಡುವಾಗ ನನ್ನ ಹತ್ತಿರ ಬಂದು, "ಓದಲಿ ಬಿಡು, ಇನ್ನೊಂದು ವರ್ಷ" ಎಂದರು.

ಪಾಠದ ಉಳಿದ ಭಾಗ ಈ ಎರಡು ಕಂಬಗಳ ಮೇಲೆ ನಿಲ್ಲುತ್ತದೆ. ಒಂದೇ ಉಷ್ಣತೆಯಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕ ಇವೆ. ಅಣುಗಳ ಸರಾಸರಿ ಚಲನಶಕ್ತಿಯ ಅನುಪಾತ ಎಷ್ಟು? ಅನೇಕರು 1ಕ್ಕೆ 16 ಎಂದು ಬರೆಯುತ್ತಾರೆ. ಎರಡಕ್ಕೂ ಓಟದ ಶಕ್ತಿ ಒಂದೇ, ಆದ್ದರಿಂದ 1ಕ್ಕೆ 1. ಶಕ್ತಿ ಒಂದೇ ಇರುವಾಗ ಹಗುರವಾದದ್ದು ಹೆಚ್ಚು ಓಡಬೇಕಲ್ಲವೇ? ಆಮ್ಲಜನಕದ ಅಣು 16 ಪಟ್ಟು ಭಾರ, ಆದ್ದರಿಂದ ಹೈಡ್ರೋಜನ್ನಿನ ವೇಗ 4 ಪಟ್ಟು. 300 ಕೆಲ್ವಿನ್‌ನಲ್ಲಿ ಆಮ್ಲಜನಕದ ಆರ್.ಎಂ.ಎಸ್. ವೇಗ ಸೆಕೆಂಡಿಗೆ ಸುಮಾರು 484 ಮೀಟರ್, ಹೈಡ್ರೋಜನ್ನಿನದು ಸುಮಾರು 1934 ಮೀಟರ್. ಈ ಲೆಕ್ಕದಲ್ಲಿ ಅಣುತೂಕವನ್ನು 32 ಎಂದು ಹಾಕಬೇಡಿ. ಕಿಲೋಗ್ರಾಂನಲ್ಲಿ 0.032 ಎಂದು ಹಾಕಿ. ನಾನು ಗ್ರಾಂನಲ್ಲಿ ಹಾಕಿ ಎಷ್ಟು ಅಂಕ ಕಳೆದುಕೊಂಡೆನೋ ಲೆಕ್ಕವಿಲ್ಲ.

ಈ ಹಗುರ-ಭಾರದ ನಿಯಮದ ಹಿಂದೆ ಒಬ್ಬ ಶಿಕ್ಷಕರ ಕಥೆಯಿದೆ. ಜಾನ್ ಜೇಮ್ಸ್ ವಾಟರ್‌ಸ್ಟನ್ ಸ್ಕಾಟ್ಲೆಂಡಿನವರು. 1839ರಲ್ಲಿ ನಮ್ಮ ಬೊಂಬಾಯಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ನೌಕಾ ತರಬೇತಿಯ ಹುಡುಗರಿಗೆ ಪಾಠ ಹೇಳುತ್ತಿದ್ದರು. ಬಿಡುವಿನ ವೇಳೆಯಲ್ಲಿ ಅನಿಲಗಳ ಅಣುಗಳ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದು 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದರು. ಬೇರೆ ಬೇರೆ ಅನಿಲಗಳು ಒಂದೇ ಉಷ್ಣತೆಯಲ್ಲಿದ್ದಾಗ ವೇಗದ ವರ್ಗ ಅಣುವಿನ ತೂಕಕ್ಕೆ ವಿಲೋಮವಾಗಿರುತ್ತದೆ ಎಂಬ ಮಾತು ಅದರಲ್ಲಿತ್ತು. ಪರಿಶೀಲಿಸಿದವರೊಬ್ಬರು ಅದು ಬರೀ ಅಸಂಬದ್ಧ ಎಂದು ತಳ್ಳಿಹಾಕಿದರು. ಪ್ರಬಂಧವನ್ನು ಹಿಂತಿರುಗಿಸಲಿಲ್ಲ, ಅವರ ಬಳಿ ಪ್ರತಿಯೂ ಇರಲಿಲ್ಲ. ಮುಂದೆ ಕ್ಲಾಸಿಯಸ್ 1857ರಲ್ಲಿ, ಮ್ಯಾಕ್ಸ್‌ವೆಲ್ 1860ರಲ್ಲಿ ಇದೇ ದಾರಿಯಲ್ಲಿ ನಡೆದು ಹೆಸರು ಪಡೆದರು. ವಾಟರ್‌ಸ್ಟನ್ 1883ರಲ್ಲಿ ತೀರಿಕೊಂಡರು. 1891ರಲ್ಲಿ ಲಾರ್ಡ್ ರೇಲಿ ಆ ಹಳೆಯ ಪ್ರಬಂಧವನ್ನು ಸೊಸೈಟಿಯ ಕಡತಗಳಲ್ಲಿ ಹುಡುಕಿ ತೆಗೆದು 1892ರಲ್ಲಿ ಅಚ್ಚು ಹಾಕಿಸಿದರು. ಬೇರೊಬ್ಬರು ನಕ್ಕ ಮಾತ್ರಕ್ಕೆ ನಿಮ್ಮ ಪ್ರಶ್ನೆ ತಪ್ಪಾಗುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಶಿಕ್ಷಕರಾದ ನಾವು ನೆನಪಿಡಬೇಕು.

ಇನ್ನೊಂದು ಪ್ರಶ್ನೆ. ಗಾಳಿಯ ಅಣುಗಳು ಸೆಕೆಂಡಿಗೆ ಐದುನೂರು ಮೀಟರಿನ ಹತ್ತಿರ ಓಡುವುದಾದರೆ, ಈ ಮೂಲೆಯಲ್ಲಿ ಅತ್ತರಿನ ಬಾಟಲಿ ತೆರೆದಾಗ ಆ ಮೂಲೆಯವರಿಗೆ ವಾಸನೆ ತಕ್ಷಣ ಏಕೆ ಹೋಗುವುದಿಲ್ಲ? ಹಾಲೆಂಡಿನ ಹವಾಮಾನ ವಿಜ್ಞಾನಿ ಬೈಸ್ ಬ್ಯಾಲಟ್ ಅವರು ಇದೇ ಬಗೆಯ ಆಕ್ಷೇಪ ಎತ್ತಿದಾಗ ಕ್ಲಾಸಿಯಸ್ 1858ರಲ್ಲಿ ಉತ್ತರ ಕೊಟ್ಟರು. ಮದುವೆ ಮನೆಯ ಊಟದ ಹಾಲಿನಲ್ಲಿ ಜನ ತುಂಬಿರುವಾಗ ನೀವು ಎಷ್ಟೇ ಬೇಗ ನಡೆಯಬಲ್ಲಿರಾದರೂ ನಾಲ್ಕು ಹೆಜ್ಜೆಗೊಬ್ಬರಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತೀರಿ. ಅಣುವೂ ಹಾಗೆಯೇ. ನಾವು ಉಸಿರಾಡುವ ಗಾಳಿಯಲ್ಲಿ ಎರಡು ಡಿಕ್ಕಿಗಳ ನಡುವೆ ಅಣು ಸಾಗುವ ಸರಾಸರಿ ದೂರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ಸೆಕೆಂಡಿಗೆ ಆಗುವ ಡಿಕ್ಕಿಗಳು ನೂರಾರು ಕೋಟಿ. ಆ ದೂರವೇ ಮೀನ್ ಫ್ರೀ ಪಾತ್. ಅಣು ದಪ್ಪವಾದಷ್ಟೂ, ಜನಸಂದಣಿ ಹೆಚ್ಚಾದಷ್ಟೂ ಅದು ಕಡಿಮೆ. ಕೋಣೆಯಲ್ಲಿ ವಾಸನೆ ಹರಡಲು ಫ್ಯಾನಿನ ಗಾಳಿಯೂ ಸಹಾಯ ಮಾಡುತ್ತದೆ. ಬರೀ ಅಣುಗಳ ಓಟವನ್ನೇ ನಂಬಿದ್ದರೆ ಇನ್ನೂ ತಡವಾಗುತ್ತಿತ್ತು.

ಡಿಗ್ರೀಸ್ ಆಫ್ ಫ್ರೀಡಂ ಎಂದರೆ ಅಣು ಶಕ್ತಿಯನ್ನು ಇಟ್ಟುಕೊಳ್ಳುವ ಖಾತೆಗಳ ಸಂಖ್ಯೆ. ಹೀಲಿಯಂನಂತಹ ಒಂಟಿ ಪರಮಾಣುವಿಗೆ ಮೂರು ದಿಕ್ಕಿನ ಓಟ, ಮೂರು ಖಾತೆ. ಎರಡು ಪರಮಾಣುಗಳ ಆಮ್ಲಜನಕಕ್ಕೆ ತಿರುಗುವ ಎರಡು ಖಾತೆ ಸೇರಿ ಐದು. ಪ್ರತಿ ಖಾತೆಗೂ ಸಮಪಾಲು. ಗ್ಯಾಮಾ ಬೆಲೆ 1 ಕೂಡಿಸು ಎರಡನ್ನು ಖಾತೆಗಳ ಸಂಖ್ಯೆಯಿಂದ ಭಾಗಿಸಿದ್ದು. ಮೊದಲನೆಯದಕ್ಕೆ 1.67, ಎರಡನೆಯದಕ್ಕೆ 1.40. ಆದರ್ಶ ಅನಿಲದ ಚಿತ್ರ ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ತಿಳಿದಿರಿ. ಒತ್ತಡ ತುಂಬ ಹೆಚ್ಚಾದಾಗ, ಉಷ್ಣತೆ ತುಂಬ ಕಡಿಮೆಯಾದಾಗ ಅಣುಗಳು ಹತ್ತಿರ ಬರುತ್ತವೆ. ಆಗ ಅವುಗಳ ಗಾತ್ರ, ಆಕರ್ಷಣೆ ಎರಡೂ ಲೆಕ್ಕಕ್ಕೆ ಬರುತ್ತವೆ.

ಈಗ ಪರೀಕ್ಷೆಯ ಮಾತು. 2025ರ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆಗಳು, ಅದರಲ್ಲಿ ಭೌತಶಾಸ್ತ್ರದ್ದು 45. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ. 26 ಸೂತ್ರಗಳಲ್ಲಿ ಯಾವುದು ಎಂದು ಹುಡುಕುತ್ತ ಕುಳಿತರೆ ಆ ನಿಮಿಷ ಮುಗಿದುಹೋಗುತ್ತದೆ. ಚಿತ್ರ ಮನಸ್ಸಿನಲ್ಲಿದ್ದರೆ ಎರಡು ಆಯ್ಕೆಗಳನ್ನು ಲೆಕ್ಕವಿಲ್ಲದೆಯೇ ಹೊಡೆದುಹಾಕಬಹುದು. ಸಿ.ಇ.ಟಿ.ಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಎಲ್ಲಿಯೇ ಆಗಲಿ, ಲೆಕ್ಕಕ್ಕೆ ಕೈ ಹಾಕುವ ಮುನ್ನ ಮೂರನ್ನು ನೋಡಿ: ಉಷ್ಣತೆ ಕೆಲ್ವಿನ್‌ನಲ್ಲಿದೆಯೇ, ಅಣುತೂಕ ಕಿಲೋಗ್ರಾಂನಲ್ಲಿದೆಯೇ, ಕೇಳಿದ್ದು ಒಂದು ಅಣುವಿನದೋ ಒಂದು ಮೋಲಿನದೋ.

ಭಾಷೆಯ ಬಗ್ಗೆ ಒಂದು ಮಾತು. ನೀಟ್ ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಸಿಗುತ್ತದೆ, ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಅರ್ಜಿ ತುಂಬುವಾಗಲೇ ಆಯ್ಕೆ ಮಾಡಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಯಾವ ಭಾಷೆ ಆರಿಸಿದರೂ ಇಂಗ್ಲಿಷ್ ಪದ ಗೊತ್ತಿರಲೇಬೇಕು. ನಾವು ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆದೆವು. ಒತ್ತಡ, ದಬಾವ್, ಪ್ರೆಶರ್. ಗಾತ್ರ, ಹಜ್ಮ್, ವಾಲ್ಯೂಮ್. ಉಷ್ಣತೆ, ತಪಿಶ್, ಟೆಂಪರೇಚರ್. ಚಲನಶಕ್ತಿ, ಹರ್ಕಿ ತವಾನಾಯಿ, ಕೈನೆಟಿಕ್ ಎನರ್ಜಿ. 'ಹರಕತ್ ಮೇಂ ಬರಕತ್' ಎಂದು ಹಿರಿಯರು ಹೇಳುವ ಮಾತಿನ ಹರಕತ್ತೇ ಈ ಕೈನೆಟಿಕ್ ಎಂದಾಗ ಹುಡುಗಿಯ ಮುಖ ಅರಳಿತು. ಎರಡು ಮೂರು ಭಾಷೆ ಬಲ್ಲ ಮಕ್ಕಳು ಹಿಂದೆ ಬಿದ್ದವರಲ್ಲ. ಒಂದು ಭಾಷೆಯಲ್ಲಿ ಬಾಗಿಲು ಮುಚ್ಚಿದ್ದರೆ ಇನ್ನೊಂದರಲ್ಲಿ ಒಳಗೆ ಹೋಗಬಹುದು.

ತಿಂಗಳ ಕೊನೆಗೆ ಕಪಾಟಿನ ಬೀಗ ತೆಗೆದು ಹಳೆಯ ನೋಟ್ಸ್ ಹೊರತೆಗೆದೆವು. ಆ 26 ಸೂತ್ರಗಳಲ್ಲಿ ಬಹುಪಾಲು ಎರಡು ಕಂಬಗಳಿಂದ ಅವಳೇ ಬರೆದು ತೋರಿಸಿದಳು. ನೆನಪಿಡಲೇಬೇಕಾದದ್ದು ಐದಾರು ಮಾತ್ರ ಉಳಿದವು. ಅವಳು ಈಗ ಮತ್ತೊಮ್ಮೆ ಪರೀಕ್ಷೆ ಬರೆಯುವ ಸಿದ್ಧತೆಯಲ್ಲಿದ್ದಾಳೆ. ಸೀಟು ಸಿಗುತ್ತದೆ ಎಂದು ನಾನು ನಿಮಗೆ ಭರವಸೆ ಕೊಡಲಾರೆ. ಕುಳಿತವರೆಲ್ಲರಿಗೂ ಸಾಲುವಷ್ಟು ಸೀಟುಗಳಿಲ್ಲ. ಆದರೆ 108 ಎಂಬ ಉತ್ತರವನ್ನು ಅವಳು ಇನ್ನೊಮ್ಮೆ ಬರೆಯುವುದಿಲ್ಲ ಎಂಬುದನ್ನು ಖಂಡಿತ ಹೇಳಬಲ್ಲೆ.

ಪೋಷಕರಲ್ಲಿ ನನ್ನದೊಂದು ವಿನಂತಿ. ಮಗ ಇನ್ನೊಂದು ವರ್ಷ ಕೇಳಿದರೆ ಕೊಡುವ ಮನೆಗಳಲ್ಲಿ ಮಗಳು ಕೇಳಿದರೆ ಲೆಕ್ಕ ಹಾಕುತ್ತೇವೆ. ಲೆಕ್ಕ ಹಾಕಿ, ತಪ್ಪಿಲ್ಲ. ಹಣದ ಕಷ್ಟ ನನಗೂ ಗೊತ್ತು. ಆದರೆ ಹಾಕುವ ಮೊದಲು ಅವರ ಪಕ್ಕದಲ್ಲಿ ಒಂದು ಸಂಜೆ ಕುಳಿತು, "ಇವತ್ತು ಓದಿದ್ದನ್ನು ನನಗೆ ಅರ್ಥವಾಗುವಂತೆ ಹೇಳು" ಎಂದು ಕೇಳಿ. ನಿಮಗೆ ಭೌತಶಾಸ್ತ್ರ ಬರಬೇಕಾಗಿಲ್ಲ. ನನ್ನ ಅಣ್ಣನಿಗೂ ಬರುತ್ತಿರಲಿಲ್ಲ. ಮಗು ಹೇಳಲು ತಡವರಿಸಿದರೆ ಎಲ್ಲಿ ತಡವರಿಸಿತು ಎಂಬುದು ಅದಕ್ಕೇ ಗೊತ್ತಾಗುತ್ತದೆ. ಓದು ಅಲ್ಲಿಂದ ಶುರುವಾಗಬೇಕು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ನಿಮ್ಮ ನೋಟ್ಸಿನಲ್ಲಿ ಕೆಂಪು ಚೌಕ ಹಾಕಿದ ಒಂದು ಸೂತ್ರ ಆರಿಸಿಕೊಳ್ಳಿ. ಅದನ್ನು ನಿಮ್ಮ ಅಮ್ಮನಿಗೆ ಮನೆಮಾತಿನಲ್ಲಿ ಹೇಳಿ. ಹೇಳಲು ಬಂದರೆ ಆ ಸೂತ್ರ ನಿಮ್ಮದು. ಬರದಿದ್ದರೆ ನಾಳೆ ತರಗತಿಯಲ್ಲಿ ಕೈ ಎತ್ತಿ ಕೇಳಿ. ಯಾರಾದರೂ ನಕ್ಕರೆ ನಗಲಿ.